ಪಕ್ಕದ ಸೀಟಿನವರಿಗೆ ನಿಮ್ಮ ಫೈಲು ಎಷ್ಟು ಕಾಣುತ್ತೆ?

ಮೈಸೂರಿಂದ ಮಂಡ್ಯಕ್ಕೆ ರೈಲಲ್ಲಿ ಸುಮಾರು 45 ಕಿಲೋಮೀಟರ್. ಮೆಮು ಹತ್ತಿದರೆ ಒಂದು ಗಂಟೆಯ ಆಚೀಚೆ. ಮನೆಯಲ್ಲಾದರೆ ಮಿಕ್ಸಿ ಸದ್ದು, ಕಾಲಿಂಗ್ ಬೆಲ್ಲು, ಟೀವಿ. ರೈಲಲ್ಲಿ ಅದ್ಯಾವುದೂ ಇಲ್ಲ. ಆ ಒಂದು ಗಂಟೆ ನನ್ನ ಕೆಲಸಕ್ಕೆ ಹೇಳಿ ಮಾಡಿಸಿದ ಹೊತ್ತು ಅಂತ ತುಂಬಾ ದಿನ ಅಂದುಕೊಂಡಿದ್ದೆ. ನಾನು ಕೋರ್ಟು ಕಚೇರಿಯ ಕಾಗದಗಳನ್ನು ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿಂದ ಕನ್ನಡಕ್ಕೆ ಮಾಡಿಕೊಡುವವಳು. ಕ್ರಯಪತ್ರ, ವಿಭಾಗಪತ್ರ, ದಾವೆ, ತಕರಾರು, ಒಮ್ಮೊಮ್ಮೆ ಉಯಿಲು.

ಅವತ್ತು ಇದ್ದದ್ದು ಉಯಿಲು. ಬರೆಸಿದ ಯಜಮಾನರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಬೆಂಗಳೂರಿನ ಹಿರಿಯ ವಕೀಲರೊಬ್ಬರ ಅಭಿಪ್ರಾಯ ಕೇಳಲು ಇಂಗ್ಲಿಷ್ ಪ್ರತಿ ಬೇಕಿತ್ತು. ತೊಡೆಯ ಮೇಲೆ ಲ್ಯಾಪ್‌ಟಾಪ್. ಎಡಗಡೆ ಕನ್ನಡ ಮೂಲದ ಸ್ಕ್ಯಾನ್, ಬಲಗಡೆ ನನ್ನ ಇಂಗ್ಲಿಷ್. ಸ್ಕ್ಯಾನ್ ಮಸುಕಾಗಿತ್ತು, ದೊಡ್ಡದು ಮಾಡಿಕೊಂಡಿದ್ದೆ. ಪಕ್ಕದಲ್ಲಿ ವೀಳ್ಯದೆಲೆ ಚೀಲ ಇಟ್ಟುಕೊಂಡು ಒಬ್ಬರು ಅಜ್ಜಿ. ಪಾಂಡವಪುರ ದಾಟಿದ ಮೇಲೆ ಅವರು ಸ್ಕ್ರೀನಿಗೆ ಬೆರಳು ತೋರಿಸಿ ಕೇಳಿದರು: "ಇದು ನಮ್ಮೂರ ಗದ್ದೆ ಅಲ್ವೇನವ್ವ?"

ನಾನು ಏನೋ ಗೊಣಗಿ ಮುಚ್ಚಳ ಮುಚ್ಚಿದೆ. ಅಷ್ಟರಲ್ಲಿ ಅವರು ಓದಿ ಮುಗಿಸಿದ್ದರು. "ಎಲ್ಲಾನೂವೆ ಚಿಕ್ಕೋನ್ಗೇ ಬರ್ದವ್ರಾ?"

ಊರು, ಸಂಬಂಧ ಎಲ್ಲವನ್ನೂ ಬದಲಿಸಿಯೇ ಇದನ್ನು ಬರೆಯುತ್ತಿದ್ದೇನೆ. ಬದಲಿಸದೆ ಬರೆದರೆ ಅದೇ ತಪ್ಪು ಎರಡನೇ ಸಲ ಮಾಡಿದ ಹಾಗಾಗುತ್ತೆ, ಅಲ್ವಾ.

ಗಮನಿಸಬೇಕಾದ ಮಾತು ಒಂದಿದೆ. ಆ ಪುಟದಲ್ಲಿ ಯಜಮಾನರ ಹೆಸರೇ ಇರಲಿಲ್ಲ. ಅದು ಹಿಂದಿನ ಪುಟದಲ್ಲಿತ್ತು. ಈ ಪುಟದಲ್ಲಿ ಇದ್ದದ್ದು ಷೆಡ್ಯೂಲು, ಅಂದರೆ ಆಸ್ತಿಯ ವಿವರ, ಅದರ ಕೆಳಗೆ ಚೆಕ್ಕುಬಂದಿ. ಜಮೀನಿನ ಕಾಗದ ನೋಡಿದವರಿಗೆ ಇದು ಗೊತ್ತು. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಓಣಿ, ಉತ್ತರಕ್ಕೆ ನಾಲೆ, ದಕ್ಷಿಣಕ್ಕೆ ಇನ್ಯಾರದೋ ಬದು. ಬೆಂಗಳೂರಿನ ಕಾಫಿ ಅಂಗಡಿಯಲ್ಲಿ ಪಕ್ಕದ ಟೇಬಲ್ಲಿನ ಹುಡುಗನಿಗೆ ಆ ನಾಲ್ಕು ಸಾಲು ಬರೀ ಅಕ್ಷರ. ಆ ಅಜ್ಜಿಗೆ ಅದು ದಿನಾ ನಡೆದಾಡುವ ದಾರಿ.

ಹೊರಗೆ ಕೂತು ಕೆಲಸ ಮಾಡುವವರಿಗೆ ಸಿಗುವ ಬುದ್ಧಿವಾದವೆಲ್ಲ ದೊಡ್ಡ ಊರಿನ ಲೆಕ್ಕದ್ದು. ಅಲ್ಲಿ ಅಪರಿಚಿತ ಅಂದರೆ ನಿಜಕ್ಕೂ ಅಪರಿಚಿತ, ಹಾಗಾಗಿ ಭಯವೆಲ್ಲ ಕಳ್ಳ ಹ್ಯಾಕರ್ ಮೇಲೆ. ಮೈಸೂರು, ಮಂಡ್ಯದಲ್ಲಿ ಕತೆ ಬೇರೆ. ಇಲ್ಲಿ ಎರಡು ಮಾತಾಡಿದರೆ ಮೂರನೇ ಮಾತಿಗೆ "ಓ, ಹಾಗಾದ್ರೆ ನೀವು ನಮ್ಮ ಭಾವನ ಕಡೆಯವರು" ಅಂತ ಬರುತ್ತೆ. ಇಲ್ಲಿ ಗುಟ್ಟು ಹೊರಬೀಳೋದು ಬಹುಪಾಲು ಕಣ್ಣಿಂದ, ಕಿವಿಯಿಂದ, ಜೆರಾಕ್ಸ್ ಅಂಗಡಿಯಿಂದ. ನೆಟ್‌ವರ್ಕಿನಿಂದ ಕಮ್ಮಿ. ಹಾಗಾಗಿ ನಾನು ವೈ-ಫೈ ವಿಷಯವನ್ನು ಕೊನೆಗೆ ಇಟ್ಟಿದ್ದೇನೆ.

ಯಾವುದು ಗುಟ್ಟು, ಯಾವುದು ಅಲ್ಲ

ಎಲ್ಲ ಕಾಗದವನ್ನೂ ಒಂದೇ ಸಮ ಮುಚ್ಚಿಡೋಕೆ ಹೋದರೆ ಎರಡು ದಿನಕ್ಕೆ ಸುಸ್ತಾಗುತ್ತೆ. ಮೂರನೇ ದಿನ ಎಲ್ಲವನ್ನೂ ಬಿಡುತ್ತೇವೆ. ಅದಕ್ಕೇ ಮೊದಲು ವಿಂಗಡಿಸಬೇಕು.

ಪಹಣಿ ಗುಟ್ಟಲ್ಲ. ಸರ್ವೆ ನಂಬರ್ ಗೊತ್ತಿದ್ದರೆ ಸರ್ಕಾರದ "ಭೂಮಿ" ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ನೋಂದಾಯಿತ ಕ್ರಯಪತ್ರವೂ ಹೆಚ್ಚು ಕಮ್ಮಿ ಹಾಗೇ. 1908ರ ನೋಂದಣಿ ಕಾಯಿದೆಯ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸ್ಥಿರಾಸ್ತಿ ವ್ಯವಹಾರಗಳು ದಾಖಲಾಗೋದು 1ನೇ ಪುಸ್ತಕದಲ್ಲಿ. ಶುಲ್ಕ ಕಟ್ಟಿದರೆ ಅದನ್ನು ಯಾರಾದರೂ ಪರಿಶೀಲಿಸಬಹುದು. ಉಯಿಲು ದಾಖಲಾಗೋದು 3ನೇ ಪುಸ್ತಕದಲ್ಲಿ. ಅದರ ನಕಲು, ಬರೆದವರು ಬದುಕಿರುವ ತನಕ ಅವರಿಗೆ ಅಥವಾ ಅವರು ನೇಮಿಸಿದವರಿಗೆ ಮಾತ್ರ. ತೀರಿಕೊಂಡ ಮೇಲೆ ಬೇರೆಯವರೂ ಅರ್ಜಿ ಹಾಕಬಹುದು. ಬೇಕಿದ್ದರೆ ಉಯಿಲನ್ನು ಲಕೋಟೆಗೆ ಹಾಕಿ, ಮೊಹರು ಮಾಡಿ, ಜಿಲ್ಲಾ ನೋಂದಣಾಧಿಕಾರಿಯ ಹತ್ತಿರ ಇಡುವ ದಾರಿಯೂ ಅದೇ ಕಾಯಿದೆಯಲ್ಲಿದೆ.

ಕಾರಣ ಸುಲಭ. ಬರೆದವರು ಬದುಕಿರುವ ತನಕ ಉಯಿಲನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಮೊದಲೇ ಹೊರಗೆ ಗೊತ್ತಾದರೆ ಬದಲಿಸು ಅಂತ ಒತ್ತಡ ಶುರುವಾಗುತ್ತೆ. ಅಂದರೆ ನಾನು ರೈಲಲ್ಲಿ ತೆರೆದಿಟ್ಟಿದ್ದು, ಸರ್ಕಾರವೇ ಬೀಗ ಹಾಕಿಡುವ ಕಾಗದವನ್ನು.

ಇನ್ನು ಕೆಲವು ಗುಟ್ಟುಗಳಿಗೆ ಆಯುಷ್ಯ ಇರುತ್ತೆ. ಟೆಂಡರಿನಲ್ಲಿ ನೀವು ಹಾಕಿದ ರೇಟು ತೆರೆಯುವ ದಿನದ ತನಕ ಚಿನ್ನ, ಮಾರನೇ ದಿನ ರದ್ದಿ. ಪ್ರಶ್ನೆಪತ್ರಿಕೆಯೂ ಹಾಗೇ. ಆದರೆ ಒಬ್ಬರ ಕಾಯಿಲೆ, ಒಬ್ಬರ ಸಂಬಳ, ಗಂಡ ಹೆಂಡತಿ ವ್ಯಾಜ್ಯ, ಇವಕ್ಕೆ ಅವಧಿ ಮುಗಿಯೋದು ಅಂತ ಇಲ್ಲ.

ನಾನು ಈಗ ಕೇಳಿಕೊಳ್ಳುವ ಪ್ರಶ್ನೆ ಒಂದೇ. ಈ ಪುಟವನ್ನು ಸಂಬಂಧಪಟ್ಟವರ ಪಕ್ಕದ ಮನೆಯವರು ಓದಿದರೆ ಏನಾಗುತ್ತೆ? ಏನೂ ಆಗಲ್ಲ ಅಂದರೆ ರೈಲಲ್ಲಿ ತೆರೆಯುತ್ತೇನೆ. ಹೆಸರು ಅಳಿಸಿದ್ದೇನಲ್ಲ ಅನ್ನೋದು ಉತ್ತರ ಅಲ್ಲ ಅಂತ ಚೆಕ್ಕುಬಂದಿ ಕಲಿಸಿದೆ. "ಎರಡನೇ ಹೆಂಡತಿಯ ಮಗ, ದುಬೈನಲ್ಲಿರುವವನು" ಅಂತ ಇದ್ದರೆ ಸಾಕು, ಒಂದು ಹೋಬಳಿಯಲ್ಲಿ ಅಂಥವರು ಎಷ್ಟು ಜನ ಇರುತ್ತಾರೆ ಹೇಳಿ.

ಕಣ್ಣು

ಅಜ್ಜಿ ಪ್ರಸಂಗ ಆದ ವಾರವೇ ಪ್ರೈವೆಸಿ ಫಿಲ್ಟರ್ ತಂದೆ. ಸ್ಕ್ರೀನಿನ ಮೇಲೆ ಅಂಟಿಸುವ ಕಪ್ಪನೆ ಹಾಳೆ ಅದು. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಟ್ಟಿಗಳು ಒಂದರ ಪಕ್ಕ ಒಂದು ನೆಟ್ಟಗೆ ನಿಂತಿರುತ್ತವೆ. ಹಳೇ ಮನೆಗಳಲ್ಲಿ ಕಿಟಕಿಗೆ ಮರದ ಪಟ್ಟಿ ಹೊಡೆದಿರುತ್ತಾರಲ್ಲ, ಹಾಗೆ. ಎದುರು ನಿಂತರೆ ಸಂದಿಯಿಂದ ಒಳಗೆಲ್ಲ ಕಾಣುತ್ತೆ, ಪಕ್ಕಕ್ಕೆ ಸರಿದರೆ ಪಟ್ಟಿಯೇ ಅಡ್ಡ ಬರುತ್ತೆ. ಸಾಮಾನ್ಯವಾಗಿ ಎಡಕ್ಕೆ 30 ಡಿಗ್ರಿ, ಬಲಕ್ಕೆ 30 ಡಿಗ್ರಿ ದಾಟಿದ ಮೇಲೆ ಕತ್ತಲು.

ಅಂಟಿಸಿಕೊಂಡು ಧೈರ್ಯವಾಗಿ ಕೂತೆ. ಆಮೇಲೆ ಅದರ ಮಿತಿ ಗೊತ್ತಾಯಿತು. ಪಟ್ಟಿಗಳು ನೆಟ್ಟಗೆ ನಿಂತಿರೋದರಿಂದ ಅವು ಮರೆ ಮಾಡೋದು ಎಡ ಬಲದವರಿಗೆ ಮಾತ್ರ. ಸೀಟಿನ ಹಿಂದೆ ಕಂಬಿ ಹಿಡಿದು ನಿಂತವರು ಮೇಲಿನಿಂದ ಬಗ್ಗಿ ನೋಡಿದರೆ ಸ್ಕ್ರೀನು ಹಾಗೇ ಕಾಣುತ್ತೆ. ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ಮದ್ದೂರು ಬರುವ ಹೊತ್ತಿಗೆ ಕೂತವರಷ್ಟೇ ನಿಂತವರೂ ಇರುತ್ತಾರೆ. ನಿಂತವರಿಗೆ ನೋಡೋಕೆ ಇರೋದೇ ನಿಮ್ಮ ಸ್ಕ್ರೀನು, ಪಾಪ. ಪಕ್ಕದವರು ನಿಮ್ಮ ಭುಜಕ್ಕೆ ಒರಗಿ ನಿದ್ದೆ ಹೊಡೆಯುವ ಪೈಕಿಯಾದರೆ ಅವರೂ 30 ಡಿಗ್ರಿ ಒಳಗೇ ಬಂದುಬಿಡುತ್ತಾರೆ.

ಸಂಜೆ ಇನ್ನೊಂದು ತಮಾಷೆ. ಎ.ಸಿ. ಬೋಗಿಗಳ ಗಾಜು ಹಗಲಲ್ಲಿ ಕಿಟಕಿ, ಕತ್ತಲಾದ ಮೇಲೆ ಕನ್ನಡಿ. ಕಿಟಕಿ ಪಕ್ಕ ಕೂತರೆ ಒಂದು ಕಡೆಯಿಂದ ಯಾರೂ ನೋಡಲ್ಲ ಅಂತ ನಮ್ಮ ನಂಬಿಕೆ. ಹಿಂದಿನ ಸಾಲಿನವರು ಆ ಗಾಜನ್ನು ನೋಡಿದರೆ ನಿಮ್ಮ ಪುಟ ಅಲ್ಲಿ ಹೊಳೆಯುತ್ತಿರುತ್ತೆ. ಅಕ್ಷರ ತಿರುಗುಮುರುಗಾಗಿ ಬೀಳುತ್ತೆ ನಿಜ, ಆದರೆ ಫೋನಿನಲ್ಲಿ ಒಂದು ಫೋಟೋ ತೆಗೆದು ತಿರುಗಿಸೋಕೆ ಎರಡು ಸೆಕೆಂಡು.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಒಂದು ತೊಂದರೆ ಜಾಸ್ತಿ. ಒತ್ತಕ್ಷರ ಬಿಡಿಸಿ ಓದಬೇಕಾದರೆ ಅಕ್ಷರ ದೊಡ್ಡದಿರಬೇಕು. ಇಂಗ್ಲಿಷಿಗೆ 11ರ ಅಳತೆ ಸಾಕಾದರೆ, ಕನ್ನಡದ "ನುಡಿ" ತಂತ್ರಾಂಶದಲ್ಲಿ ನಾನು 16 ಇಡುತ್ತೇನೆ. ಅದು ಎರಡು ಸೀಟಿನಾಚೆಗೂ ಓದೋಕೆ ಬರುತ್ತೆ. ಈಗ ಹೊರಗಿದ್ದಾಗ ಅಕ್ಷರ ಸಣ್ಣದು ಮಾಡಿ, ಸ್ಕ್ರೀನಿನ ಬೆಳಕು ಅರ್ಧಕ್ಕಿಳಿಸಿ, ಕನ್ನಡಕ ಹಾಕಿಕೊಂಡು ಕೂರುತ್ತೇನೆ. ದುಡ್ಡು ಖರ್ಚಿಲ್ಲದ ಉಪಾಯ. ಹೋಟೆಲ್ಲಿನಲ್ಲಾದರೆ ಬೆನ್ನು ಗೋಡೆಗಿರುವ ಮೂಲೆ ಟೇಬಲ್ಲು. ಸರಸ್ವತಿಪುರಂ, ಗೋಕುಲಂ ಕಡೆಯ ಕಾಫಿ ಅಂಗಡಿಗಳಲ್ಲಿ ಆ ಮೂಲೆಗಳನ್ನು ಕಾಲೇಜು ಜೋಡಿಗಳು ಮೊದಲೇ ಹಿಡಿದಿರುತ್ತಾರೆ. ಅವರಿಗೂ ಅದೇ ಕಾರಣ.

ಕಾಗದ ಕೈಯಲ್ಲಿ ಹಿಡಿದು ನಡೆಯೋದು ಎಷ್ಟು ದುಬಾರಿ ಅನ್ನೋದಕ್ಕೆ ಲಂಡನ್ನಿನ ಒಂದು ಘಟನೆ ಸಾಕು. 2009ರ ಏಪ್ರಿಲ್‌ನಲ್ಲಿ ಅಲ್ಲಿನ ಪೊಲೀಸ್ ಇಲಾಖೆಯ ಭಯೋತ್ಪಾದನೆ ತಡೆ ವಿಭಾಗದ ಮುಖ್ಯಸ್ಥ ಬಾಬ್ ಕ್ವಿಕ್, ಪ್ರಧಾನಿ ನಿವಾಸಕ್ಕೆ ಹೋಗಲು ಕಾರಿಳಿದರು. ಕಂಕುಳಲ್ಲಿ ಫೈಲು, ಮೇಲಿನ ಹಾಳೆ ಹೊರಮುಖ. ಪತ್ರಿಕಾ ಛಾಯಾಗ್ರಾಹಕರ ಫೋಟೋದಲ್ಲಿ ಗುಪ್ತ ಕಾರ್ಯಾಚರಣೆಯ ವಿವರ ಓದುವಷ್ಟು ಸ್ಪಷ್ಟವಾಗಿ ಬಂತು. ಪೊಲೀಸರು ದಾಳಿಯನ್ನು ಗಡಿಬಿಡಿಯಿಂದ ಮುಂಚೆಯೇ ಮಾಡಬೇಕಾಯಿತು. ಮಾರನೇ ದಿನ ಅವರು ರಾಜೀನಾಮೆ ಕೊಟ್ಟರು. ಹಾಳೆಯನ್ನು ಒಳಮುಖ ಹಿಡಿದಿದ್ದರೆ ಮುಗಿದಿತ್ತು.

ಕಿವಿ

ಫೋನಿನಲ್ಲಿ ಮಾತಾಡುವವರು ಎದುರು ಕೂತು ಮಾತಾಡುವವರಿಗಿಂತ ಜಾಸ್ತಿ ಕಿವಿಗೆ ಬೀಳುತ್ತಾರೆ. ಅದು ದನಿ ಜೋರು ಅಂತ ಮಾತ್ರ ಅಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಇಬ್ಬರ ಮಾತೂ ಪೂರ್ತಿ ಕೇಳಿದಾಗ ಜನ ತಮ್ಮ ಪಾಡಿಗೆ ಕೆಲಸ ಮಾಡುತ್ತಾರೆ. ಒಬ್ಬರ ಮಾತು ಮಾತ್ರ ಕೇಳಿದಾಗ ಗಮನ ಅತ್ತ ಹೋಗುತ್ತೆ. ಮುಂದೆ ಏನು ಅಂತ ಊಹಿಸೋಕೆ ಆಗಲ್ಲವಲ್ಲ, ಮಿದುಳು ಬಿಟ್ಟ ಜಾಗ ತುಂಬಲು ನೋಡುತ್ತೆ. ಅಂದರೆ ಪಕ್ಕದವರು ಕದ್ದು ಕೇಳಬೇಕಂತಿಲ್ಲ. ಬೇಡ ಅಂದರೂ ಕೇಳಿಸುತ್ತೆ.

ನಾನು ಕೇಳಿದ ಒಂದು ಕರೆ ಹೀಗಿತ್ತು. "ಹ್ಞೂಂ ಸಾರ್… ಇಲ್ಲ ಸಾರ್, ಅವರು 38ಕ್ಕೆ ಒಪ್ಪಿದ್ದಾರೆ… ಹೆಂಡತಿಗೆ ಗೊತ್ತಿಲ್ಲ ಸಾರ್… ಶುಕ್ರವಾರ ರಿಜಿಸ್ಟ್ರೇಷನ್." ಇಡೀ ಬೋಗಿ ಅಷ್ಟು ಹೊತ್ತು ಉಸಿರು ಬಿಗಿಹಿಡಿದಿತ್ತು. ಕಡ್ಲೆಕಾಯಿ ಮಾರುವವನೂ ನಿಂತಿದ್ದ.

ಇದಕ್ಕೆ ಉಪಕರಣ ಬೇಡ. "ರೈಲಲ್ಲಿದ್ದೀನಿ ಸಾರ್, ಇಳಿದು ಮಾಡ್ತೀನಿ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಮಾತಾಡಲೇಬೇಕಾದರೆ ಹೆಸರು, ಊರು, ಮೊತ್ತ ಈ ಮೂರನ್ನು ಆ ಕಡೆಯವರ ಬಾಯಿಂದ ಹೇಳಿಸಿ, ನೀವು ಹೌದು ಅಲ್ಲ ಅನ್ನಿ. ವಾಯ್ಸ್ ಮೆಸೇಜನ್ನು ಸ್ಪೀಕರಿನಲ್ಲಿ ಹಾಕಿ ಕೇಳುವ ಚಾಳಿಗೆ ಮಾತ್ರ ನನ್ನ ಹತ್ತಿರ ಔಷಧಿ ಇಲ್ಲ.

ಜೆರಾಕ್ಸ್ ಅಂಗಡಿ

ಕೋರ್ಟಿನ ಎದುರು, ತಾಲ್ಲೂಕು ಕಚೇರಿ ಎದುರು, ಕಾಲೇಜಿನ ಎದುರು. ನಮ್ಮ ಊರಿನ ಗುಟ್ಟುಗಳೆಲ್ಲ ಒಂದು ಕಡೆ ಸೇರುವ ಜಾಗ ಯಾವುದು ಅಂದರೆ ಬ್ಯಾಂಕಿನ ಲಾಕರ್ ಅಲ್ಲ, ಇದು.

ಅಲ್ಲಿ ನಡೆಯೋದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನೀವು ಪ್ರಿಂಟು ಬೇಕು ಅನ್ನುತ್ತೀರಿ. ಗೋಡೆಗೆ ಅಂಟಿಸಿದ ನಂಬರು ತೋರಿಸಿ "ಇದಕ್ಕೆ ವಾಟ್ಸಾಪ್ ಮಾಡಿ ಮೇಡಂ" ಅನ್ನುತ್ತಾರೆ. ಕಳಿಸುತ್ತೀರಿ. ಫೈಲು ಅಂಗಡಿಯ ಫೋನಿಗೆ ಹೋಯಿತು, ಅಲ್ಲಿಂದ ಕಂಪ್ಯೂಟರಿನ ವಾಟ್ಸಾಪಿಗೆ, ಅಲ್ಲಿಂದ ಡೌನ್‌ಲೋಡ್ಸ್ ಫೋಲ್ಡರಿಗೆ. ಪ್ರಿಂಟಾದ ಮೇಲೆ ಮೂರೂ ಕಡೆ ಉಳಿಯಿತು. ಒಮ್ಮೆ ನನ್ನ ಫೈಲು ಹುಡುಕುವಾಗ ಅಂಗಡಿಯ ಹುಡುಗ ಆ ಫೋಲ್ಡರ್ ತೆರೆದು ಮೇಲಿಂದ ಕೆಳಗೆ ಉರುಳಿಸಿದ. ಅಪ್ಪ ಆಧಾರ್ 2. ಡೈವೋರ್ಸ್ ಫೈನಲ್. ಸಂಬಳ ಮಾರ್ಚ್ ಎಲ್ಲರದ್ದು. ಅಮ್ಮ ಬಯಾಪ್ಸಿ. ನಾನು ಯಾವ ಫೈಲನ್ನೂ ತೆರೆಯಲಿಲ್ಲ. ಹೆಸರುಗಳೇ ಅರ್ಧ ಕತೆ ಹೇಳಿಬಿಟ್ಟಿದ್ದವು. ಹುಡುಗನದೇನೂ ತಪ್ಪಿಲ್ಲ. ದಿನಕ್ಕೆ ನೂರಾರು ಜನ ಬರುತ್ತಾರೆ, ಅಳಿಸುತ್ತಾ ಕೂರೋಕೆ ಅವನಿಗೆ ಪುರುಸೊತ್ತಿಲ್ಲ.

"ಡಿಲೀಟ್ ಫಾರ್ ಎವರಿವನ್" ಒತ್ತಿದರೆ ಆಯಿತಲ್ಲ ಅಂತ ಕೇಳಬಹುದು. ಅದು ಚಾಟಿನಿಂದ ತೆಗೆಯುತ್ತೆ, ಅದೂ ಎರಡೂವರೆ ದಿನದ ಒಳಗೆ ಮಾಡಿದರೆ. ಆಗಲೇ ಕಂಪ್ಯೂಟರಿಗೆ ಇಳಿಸಿಕೊಂಡ ಪ್ರತಿಯನ್ನು ಅದು ಮುಟ್ಟಲ್ಲ.

ನಾನು ಮಾಡೋದು ಇಷ್ಟು. ಪಿ.ಡಿ.ಎಫ್.ಗೆ ಪಾಸ್‌ವರ್ಡ್ ಹಾಕಿ, ಹೆಸರನ್ನು "ಪ್ರಿಂಟ್1" ಅಂತ ಇಟ್ಟು ಕಳಿಸುತ್ತೇನೆ. ಅಂಗಡಿಯಲ್ಲಿ ಪಾಸ್‌ವರ್ಡನ್ನು ನಾನೇ ಒತ್ತುತ್ತೇನೆ. ಪ್ರಿಂಟಾಗಿ ಕಿಟಕಿ ಮುಚ್ಚಿದ ಮೇಲೆ ಅಲ್ಲಿ ಉಳಿಯೋದು ಬೀಗ ಹಾಕಿದ ಫೈಲು. ಪೂರಾ ಭದ್ರ ಅಂತ ಹೇಳಲ್ಲ, ನಾಳೆ ಸುಮ್ನೆ ತೆರೆದು ನೋಡುವವರಿಗೆ ಅದು ಸಿಗಲ್ಲ ಅಷ್ಟೆ. ಪಾಸ್‌ವರ್ಡ್ ಮಾತ್ರ ಊಹಿಸೋಕೆ ಆಗದ್ದಿರಲಿ. ನಾವು ಇಳಿಸಿಕೊಳ್ಳುವ ಇ-ಆಧಾರ್ ಫೈಲಿಗೆ ಬೀಗ ಇದೆ ನಿಜ. ಆದರೆ ಅದರ ಕೀ ಅಂದರೆ ಇಂಗ್ಲಿಷಿನಲ್ಲಿ ನಿಮ್ಮ ಹೆಸರಿನ ಮೊದಲ ನಾಲ್ಕು ದೊಡ್ಡಕ್ಷರ, ಜೊತೆಗೆ ಹುಟ್ಟಿದ ಇಸವಿ. ನಿಮ್ಮನ್ನು ಬಲ್ಲವರಿಗೆಲ್ಲ ಅದು ಗೊತ್ತು. ಮೊದಲ ಎಂಟು ಅಂಕಿ ಮರೆಮಾಡಿ ಕೊನೆಯ ನಾಲ್ಕನ್ನು ಮಾತ್ರ ತೋರಿಸುವ ಮಾಸ್ಕ್ಡ್ ಆಧಾರ್ ಸಿಗುತ್ತೆ. ಎಲ್ಲಿ ನಡೆಯುತ್ತೋ ಅಲ್ಲಿ ಅದನ್ನೇ ಕೊಡೋದು ಒಳ್ಳೆಯದು.

ಕೆಟ್ಟ ಪ್ರತಿಗಳದ್ದು ಬೇರೆ ಕತೆ. ಮಸಿ ಹರಡಿದ, ಓರೆಯಾಗಿ ಬಂದ ಹಾಳೆಗಳನ್ನು ಮೂಲೆಯ ಡಬ್ಬಕ್ಕೆ ಹಾಕುತ್ತಾರೆ. ಅದು ರದ್ದಿಗೆ ಹೋಗುತ್ತೆ. ರದ್ದಿಯಿಂದ ಎಲ್ಲಿಗೆ ಬೇಕಾದರೂ ಹೋಗಬಹುದು. ಒಂದು ಸಂಜೆ ನನಗೆ ಚುರುಮುರಿ ಕಟ್ಟಿಕೊಟ್ಟ ಪೊಟ್ಟಣ ಯಾರದೋ ಸಾಲದ ಅರ್ಜಿಯ ಎರಡನೇ ಪುಟ. ತಿಂಗಳ ಆದಾಯ, ಒಡವೆಯ ತೂಕ, ಜಾಮೀನು ಹಾಕಿದವರ ಹೆಸರು, ಎಲ್ಲ ಇತ್ತು. ಅಲ್ಲಿಂದ ನಾನು ಕೆಟ್ಟ ಪ್ರತಿಗೂ ದುಡ್ಡು ಕೊಟ್ಟು ಕೇಳಿ ತರುತ್ತೇನೆ. ಮೂಲ ಪ್ರತಿಯನ್ನು ಗಾಜಿನ ಮೇಲೆ ಮರೆತು ಬರೋದು ಎಲ್ಲರಿಗೂ ಆಗಿರುತ್ತೆ. ಅದಕ್ಕೆ ಮನೆ ಬಿಡುವಾಗಲೇ ಹಾಳೆ ಎಣಿಸಿಕೊಳ್ಳಬೇಕು. ಹೋಗುವಾಗ 12, ಬರುವಾಗ 12 ಮತ್ತು 12.

ದೊಡ್ಡ ಜೆರಾಕ್ಸ್ ಯಂತ್ರಗಳ ಒಳಗೇ ಹಾರ್ಡ್ ಡಿಸ್ಕ್ ಇರಬಹುದು, ತೆಗೆದ ಪ್ರತಿಗಳ ಚಿತ್ರ ಅದರಲ್ಲಿ ಕೂತಿರಬಹುದು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಅಮೆರಿಕದ ಅಫಿನಿಟಿ ಹೆಲ್ತ್ ಪ್ಲಾನ್ ಎಂಬ ಆರೋಗ್ಯ ವಿಮೆ ಸಂಸ್ಥೆ ಬಾಡಿಗೆ ಯಂತ್ರಗಳನ್ನು ಡಿಸ್ಕ್ ಅಳಿಸದೆ ವಾಪಸ್ ಕೊಟ್ಟಿತ್ತು. ಒಂದು ಟೀವಿ ಚಾನೆಲ್ ಹಳೇ ಯಂತ್ರ ಕೊಂಡು ನೋಡಿದಾಗ ರೋಗಿಗಳ ದಾಖಲೆ ಸಿಕ್ಕಿತು. 2013ರಲ್ಲಿ ಆ ಸಂಸ್ಥೆ 12 ಲಕ್ಷ ಡಾಲರಿಗೂ ಮೇಲೆ ಕಟ್ಟಬೇಕಾಯಿತು. ಇದಕ್ಕೆ ಅಂಗಡಿಗೆ ಹೋಗುವ ನಾವು ಏನೂ ಮಾಡೋಕಾಗಲ್ಲ. ಆಫೀಸಿನ ಯಂತ್ರ ಮಾರುವವರು ಮಾಡಬಹುದು.

ಮರೆತು ಇಳಿದದ್ದು, ಬಿಟ್ಟು ಎದ್ದದ್ದು

2008ರ ಜೂನ್‌ನಲ್ಲಿ ಬ್ರಿಟನ್ ಸರ್ಕಾರದ ಅಧಿಕಾರಿಯೊಬ್ಬರು ಅಲ್ ಖೈದಾ ಮತ್ತು ಇರಾಕ್ ಕುರಿತ ಅತಿ ಗುಪ್ತ ಕಾಗದಗಳ ಲಕೋಟೆಯನ್ನು ರೈಲಿನ ಸೀಟಿನ ಮೇಲೇ ಬಿಟ್ಟು ಇಳಿದರು. ಸಿಕ್ಕಿದ ಪ್ರಯಾಣಿಕ ಅದನ್ನು ಬಿ.ಬಿ.ಸಿ.ಗೆ ಕೊಟ್ಟ. ಅಧಿಕಾರಿಗೆ 2,500 ಪೌಂಡ್ ದಂಡ ಬಿತ್ತು. 2021ರ ಜೂನ್‌ನಲ್ಲಿ ಅದೇ ದೇಶದ ರಕ್ಷಣಾ ಇಲಾಖೆಯ ಸುಮಾರು 50 ಪುಟ ಕೆಂಟ್ ಎಂಬಲ್ಲಿ ಬಸ್ ಸ್ಟಾಪಿನ ಹಿಂದೆ ಒದ್ದೆಯಾಗಿ ಬಿದ್ದಿತ್ತು. ನಾವು ಊಟದ ಡಬ್ಬಿ ಮರೆತು ಇಳಿಯುತ್ತೇವೆ, ಅವರು ಸಮರನೌಕೆಯ ಕಾಗದ ಮರೆತರು. ಮರೆವು ಒಂದೇ. ಎರಡು ಚೀಲ ಒಯ್ಯುವ ದಿನ ಕಾಗದ ಯಾವಾಗಲೂ ತೊಡೆಯ ಮೇಲಿನ ಚೀಲದಲ್ಲಿರಲಿ. ಮೇಲಿನ ಕ್ಯಾರಿಯರಿನಲ್ಲಿ ಬೇಡ.

ಲ್ಯಾಪ್‌ಟಾಪ್ ಕಳೆದರೆ ಅದರೊಳಗಿನದು ಉಳಿಯೋದು ಎನ್‌ಕ್ರಿಪ್ಷನ್‌ನಿಂದ. ವಿಂಡೋಸಿನಲ್ಲಿ ಬಿಟ್‌ಲಾಕರ್, ಮ್ಯಾಕಿನಲ್ಲಿ ಫೈಲ್‌ವಾಲ್ಟ್. ಬರೀ ಲಾಗಿನ್ ಪಾಸ್‌ವರ್ಡ್ ಇದ್ದರೆ ಅದು ಮುಂಬಾಗಿಲಿಗೆ ಹಾಕಿದ ಚಿಲಕ. ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ ಎಲ್ಲ ಕಾಣುತ್ತೆ. ಎನ್‌ಕ್ರಿಪ್ಷನ್ ಇದ್ದರೆ ಡಿಸ್ಕಿನಲ್ಲಿರೋದೆಲ್ಲ ಕಲಸುಮೇಲೋಗರ, ಕೀ ಇಲ್ಲದೆ ಅರ್ಥವಾಗಲ್ಲ.

ಆದರೆ ನೀವು ಲಾಗಿನ್ ಆಗಿ ಕೂತಿರುವಾಗ ಕೀ ಬೀಗದಲ್ಲೇ ಇರುತ್ತೆ. ಆಗ ಎನ್‌ಕ್ರಿಪ್ಷನ್ ಇದ್ದೂ ಇಲ್ಲದ ಹಾಗೆ. 2013ರ ಅಕ್ಟೋಬರ್ 1ರಂದು ಸಿಲ್ಕ್ ರೋಡ್ ಎಂಬ ಅಕ್ರಮ ತಾಣ ನಡೆಸುತ್ತಿದ್ದ ರಾಸ್ ಉಲ್‌ಬ್ರಿಕ್ಟ್‌ನನ್ನು ಅಮೆರಿಕದ ಪೊಲೀಸರು ಹಿಡಿದದ್ದು ಹೀಗೇ. ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸಾರ್ವಜನಿಕ ಗ್ರಂಥಾಲಯ. ಅವನು ಲ್ಯಾಪ್‌ಟಾಪ್ ತೆರೆದು ಕೂತಿದ್ದ. ಹಿಂದೆ ಒಂದು ಜೋಡಿ ಜಗಳ ಆಡುವ ನಾಟಕ ಮಾಡಿತು. ಅವನು ತಿರುಗಿ ನೋಡಿದ. ಅಷ್ಟರಲ್ಲಿ ಲ್ಯಾಪ್‌ಟಾಪ್ ಎದುರಿದ್ದವರ ಕೈ ಸೇರಿತ್ತು, ಮುಚ್ಚಳ ತೆರೆದ ಹಾಗೇ. ಪೊಲೀಸರಿಗೆ ಬೇಕಿದ್ದದ್ದು ಅದೇ. ಮುಚ್ಚಿದ್ದರೆ ಬೀಗ ಬಿದ್ದುಬಿಡುತ್ತಿತ್ತು.

ಅವನು ಕಳ್ಳ ಇರಬಹುದು, ಆದರೆ ತಂತ್ರಜ್ಞಾನ ನಮಗೂ ಅದೇ. ನಾವು ಬಾತ್‌ರೂಮಿಗೆ ಏಳುವಾಗ ಪಕ್ಕದವರಿಗೆ "ಸ್ವಲ್ಪ ನೋಡ್ಕೊಳ್ಳಿ" ಅನ್ನುತ್ತೇವೆ. ನಮ್ಮ ಕಡೆ ಆ ಮಾತಿಗೆ ಇನ್ನೂ ಬೆಲೆ ಇದೆ, ಚೀಲ ಯಾರೂ ಮುಟ್ಟಲ್ಲ. ಅವರು ನೋಡಿಕೊಳ್ಳುತ್ತಾರೆ. ಸ್ಕ್ರೀನನ್ನೂ ನೋಡುತ್ತಾರೆ. ವಿಂಡೋಸ್ ಕೀ ಮತ್ತು ಎಲ್ ಒಟ್ಟಿಗೆ ಒತ್ತಿ ಏಳೋದು ಕೈಗೆ ರೂಢಿಯಾಗಬೇಕು. ಇಳಿಯುವ ಮೊದಲು ಸ್ಲೀಪ್ ಮಾಡದೆ ಪೂರ್ತಿ ಶಟ್‌ಡೌನ್ ಮಾಡಿ.

ಕೊನೆಗೆ ವೈ-ಫೈ

ಸಾರ್ವಜನಿಕ ವೈ-ಫೈ ಬಗ್ಗೆ ಇರುವ ಭಯ ಹತ್ತು ಹದಿನೈದು ವರ್ಷ ಹಳೆಯದು. ಆಗ ಬಹಳ ತಾಣಗಳು ಪೋಸ್ಟ್ ಕಾರ್ಡಿನ ಹಾಗೆ ಮಾಹಿತಿ ಕಳಿಸುತ್ತಿದ್ದವು, ದಾರಿಯಲ್ಲಿ ಯಾರು ಬೇಕಾದರೂ ಓದಬಹುದಿತ್ತು. 2010ರಲ್ಲಿ ಫೈರ್‌ಶೀಪ್ ಎಂಬ ಪುಟ್ಟ ತಂತ್ರಾಂಶ ಬಂದು, ಒಂದೇ ವೈ-ಫೈನಲ್ಲಿ ಕೂತವರ ಫೇಸ್‌ಬುಕ್ಕಿಗೆ ಎರಡು ಕ್ಲಿಕ್ಕಿನಲ್ಲಿ ನುಗ್ಗಬಹುದು ಅಂತ ತೋರಿಸಿಕೊಟ್ಟಿತು. ಆಮೇಲೆ ದೊಡ್ಡ ತಾಣಗಳೆಲ್ಲ ಎಚ್‌ಟಿಟಿಪಿಎಸ್‌ಗೆ ಬಂದವು. ಅದು ಅಂಟಿಸಿದ ಲಕೋಟೆ. ಯಾವ ತಾಣಕ್ಕೆ ಹೋಗುತ್ತಿದೆ ಅನ್ನೋದು ಹೊರಗಿನವರಿಗೆ ಗೊತ್ತಾಗಬಹುದು, ಒಳಗೇನಿದೆ ಅನ್ನೋದು ಗೊತ್ತಾಗಲ್ಲ.

ಉಳಿದಿರುವ ಅಪಾಯ ನಕಲಿ ವೈ-ಫೈ. ಹೋಟೆಲ್ಲಿನ ಹೆಸರನ್ನೇ ಇಟ್ಟು ಇನ್ನೊಬ್ಬರು ತಮ್ಮ ಫೋನಿಂದ ಹಾಟ್‌ಸ್ಪಾಟ್ ಬಿಡಬಹುದು. ಸೇರಿದ ಮೇಲೆ ಮೇಲ್ ಪಾಸ್‌ವರ್ಡ್ ಕೇಳುವ ಪುಟ ಬಂದರೆ ಅಲ್ಲಿಗೇ ನಿಲ್ಲಿಸಿ. ರೈಲ್ವೆ ನಿಲ್ದಾಣದ ರೈಲ್‌ವೈರ್ ಕೇಳೋದು ಫೋನ್ ನಂಬರು, ಒ.ಟಿ.ಪಿ. ಅಷ್ಟೆ. ದಿನಕ್ಕೆ ಮೊದಲ 30 ನಿಮಿಷ ಉಚಿತ. ವಿ.ಪಿ.ಎನ್. ಅಂದರೆ ನಿಮ್ಮ ಮಾಹಿತಿಗೆಲ್ಲ ಬೀಗ ಹಾಕಿ ತನ್ನ ಮೂಲಕ ಕಳಿಸುವ ಸೇವೆ. ಅದನ್ನು ಹಾಕಿದರೆ ವೈ-ಫೈನವರಿಗೆ ಒಳಗಿನದೇನೂ ಕಾಣಲ್ಲ, ಅವರ ಬದಲು ವಿ.ಪಿ.ಎನ್.ನವರನ್ನು ನಂಬಬೇಕು ಅಷ್ಟೆ. ಬಿಟ್ಟಿ ವಿ.ಪಿ.ಎನ್.ನವರು ಯಾಕೆ ಬಿಟ್ಟಿ ಕೊಡುತ್ತಾರೆ ಅಂತ ಯೋಚಿಸಿ.

ನನ್ನ ಮಟ್ಟಿಗೆ ಸ್ವಂತ ಫೋನಿನ ಹಾಟ್‌ಸ್ಪಾಟೇ ಲೇಸು. ಡೇಟಾ ಸಾಕಷ್ಟು ಇರುತ್ತಲ್ಲ. ಒಂದು ಮಾತು, ಹಾಟ್‌ಸ್ಪಾಟಿಗೆ ನಿಮ್ಮ ಹೆಸರೋ ಆಫೀಸಿನ ಹೆಸರೋ ಇಡಬೇಡಿ. ಇಡೀ ಬೋಗಿಯ ಫೋನುಗಳಲ್ಲಿ ಅದು ಬೋರ್ಡಿನ ಹಾಗೆ ಕಾಣುತ್ತಿರುತ್ತೆ.

ಕಾನೂನು, ಮತ್ತು ಆ ಅಜ್ಜಿ

ವಕೀಲರು ಕಕ್ಷಿದಾರರ ಮಾತನ್ನು ಹೊರಗೆ ಹೇಳಬಾರದು ಅನ್ನೋದು 1872ರ ಸಾಕ್ಷ್ಯ ಕಾಯಿದೆಯಲ್ಲೇ ಇತ್ತು. ಅದೇ ನಿಯಮ ದುಭಾಷಿಗಳಿಗೆ, ವಕೀಲರ ಗುಮಾಸ್ತರಿಗೆ ಕೂಡ ಅನ್ವಯಿಸುತ್ತೆ ಅಂತ 127ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲೂ ಅದು ಉಳಿದಿದೆ. ನನ್ನಂಥವರನ್ನು 150 ವರ್ಷದ ಹಿಂದೆಯೇ ಲೆಕ್ಕಕ್ಕೆ ಹಿಡಿದಿದ್ದರು ಅಂತ ಗೊತ್ತಾದಾಗ ಖುಷಿಯೂ ಆಯಿತು, ಹೊಟ್ಟೆಯೊಳಗೆ ಕಸಿವಿಸಿಯೂ ಆಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಂತೂ, ಜನರ ಮಾಹಿತಿ ಇಟ್ಟುಕೊಂಡ ಸಂಸ್ಥೆ ತಕ್ಕ ಭದ್ರತೆ ಮಾಡದಿದ್ದರೆ 250 ಕೋಟಿ ರೂಪಾಯಿ ತನಕ ದಂಡ ಅನ್ನುತ್ತೆ. ಸೋರಿಕೆ ಆದರೆ ಯಾರ ಮಾಹಿತಿಯೋ ಅವರಿಗೆ ತಿಳಿಸಬೇಕು ಅಂತಲೂ ಅದರಲ್ಲಿದೆ.

ತಿಳಿಸೋದು ಕಷ್ಟ. ಆ ದಿನ ಮಂಡ್ಯದಲ್ಲಿ ಇಳಿದವಳು ಪ್ಲಾಟ್‌ಫಾರಂ ಬೆಂಚಿನಲ್ಲಿ ಹತ್ತು ನಿಮಿಷ ಸುಮ್ಮನೆ ಕೂತಿದ್ದೆ. ಆಮೇಲೆ ಎದ್ದು, ಜನ ಇಲ್ಲದ ಕಡೆ ಹೋಗಿ, ಕೆಲಸ ಕೊಟ್ಟ ವಕೀಲರಿಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ. ಬೈಗುಳಕ್ಕೆ ಸಿದ್ಧಳಾಗಿದ್ದೆ. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಮಾತೇ ಇಲ್ಲ.

"ಆಯಮ್ಮ ಯಾವ ಸ್ಟೇಷನ್ನಲ್ಲಿ ಇಳಿದ್ರು?"

ಹೇಳಿದೆ.

"ವೀಳ್ಯದೆಲೆ ಚೀಲ ಇತ್ತು ಅಂದ್ರಲ್ಲ?"

"ಹೌದು ಸಾರ್."

"ಮನೆಗೆ ಹೋದ್ಮೇಲೆ ಫೈಲ್ ತೆಗೀರಿ. ಅಲ್ಲಿ ಬೇಡ, ಮನೆಗೆ ಹೋದ್ಮೇಲೆ. ಚೆಕ್ಕುಬಂದೀಲಿ ಪೂರ್ವಕ್ಕೆ ಯಾರ ಹೆಸರಿದೆ ನೋಡಿ."